ಹೂದಾನಿ ತಿರುಗಿಸಿ ನೋಡಿ, ತಳದಲ್ಲಿ ಇಸವಿ ಇರತ್ತೆ

ಮೈತುಂಬಾ ಓಕ್ ಎಲೆ, ಹೂಬಳ್ಳಿ, ನಡುವೆ 'ವರ್ಡನ್' ಅಂತ ಊರ ಹೆಸರು, ಸೊಂಟ ಒತ್ತಿ ಸಣ್ಣ ಮಾಡಿರೋ ಶೇಪು. ಯಾರದೋ ಮದುವೆಗೆ ಕೊಟ್ಟ ಹಿತ್ತಾಳೆ ಹೂದಾನಿ ಅನ್ಸತ್ತೆ, ಆದ್ರೆ ತಳ ನೋಡಿದ್ರೆ ಫ್ಯಾಕ್ಟರಿ ಮಾರ್ಕು, 1915 ಅಂತಲೋ 1916 ಅಂತಲೋ ಇಸವಿ. ಮೊದಲನೇ ಮಹಾಯುದ್ಧದಲ್ಲಿ ಫ್ರೆಂಚರು ಬಳಸ್ತಿದ್ದ 75 ಮಿ.ಮೀ. ತೋಪಿನ ಖಾಲಿ ಕೇಸು ಅದು. ಸಿಡಿಯೋ ಗುಂಡಲ್ಲ, ಗುಂಡು ಹಾರಿದ ಮೇಲೆ ತೋಪಿನ ಹಿಂದುಗಡೆಯಿಂದ ಆಚೆ ಬೀಳೋ ಕೊಳವೆ. ಇಂಥ ಕೆಲಸಕ್ಕೆ ಟ್ರೆಂಚ್ ಆರ್ಟ್, ಅಂದ್ರೆ ಕಂದಕದ ಕಲೆ, ಅಂತ ಹೆಸರು.

ಸರಕಾರಿ ಮಾಲು ಅದು, ವಾಪಸ್ ಕೊಡಬೇಕಿತ್ತು. ಆದ್ರೆ 1916ರಲ್ಲಿ ಸೋಮ್ ಕದನಕ್ಕೆ ಮುಂಚೆ ಒಂದೇ ವಾರದಲ್ಲಿ ಬ್ರಿಟಿಷರು ಹಾರಿಸಿದ್ದೇ ಸುಮಾರು 15 ಲಕ್ಷ ಶೆಲ್ಲು, ಲೆಕ್ಕ ಇಡೋರು ಯಾರು!

ನಂಗೆ ಮಜಾ ಅನ್ಸೋದು ಲೋಹದ ವಿಷಯ. ಕೇಸಿನ ಹಿತ್ತಾಳೆಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ತೋಪು ಹಾರಿದಾಗ ಕೇಸು ಉಬ್ಬಿ ತೋಪಿನ ಒಳಗೋಡೆಗೆ ಅಂಟ್ಕೊಂಡು ಗ್ಯಾಸ್ ಹಿಂದಕ್ಕೆ ಬರದ ಹಾಗೆ ತಡೀಬೇಕು, ಆಮೇಲೆ ತುಸು ಕುಗ್ಗಿ ಸಲೀಸಾಗಿ ಆಚೆ ಬರಬೇಕು, ಅದಕ್ಕೇ ಬಾಯಿ ಕಡೆ ಮೆತ್ತಗೆ, ತಳ ದಪ್ಪ ಮತ್ತು ಗಟ್ಟಿ. ಚಿತ್ತಾರವೆಲ್ಲ ಮೇಲ್ಗಡೆ, ತಳ ಹಾಗೇ ಉಳಿಯೋಕೆ ಇದೂ ಕಾರಣ. ಒಳಗೆ ರಾಳನೋ ಸೀಸನೋ ಮರಳೋ ತುಂಬಿ ಉಳಿ ಇಟ್ಟು ಬಡಿತಿದ್ರು, ಇಲ್ಲಾಂದ್ರೆ ನಗ್ಗಿ ಹೋಗತ್ತೆ. ಬಡಿದಷ್ಟೂ ಹಿತ್ತಾಳೆ ಗಟ್ಟಿಯಾಗತ್ತೆ, ಇನ್ನೂ ಬಡಿದ್ರೆ ಬಿರುಕು, ಹಾಗಾಗಿ ಮಂಕುಗೆಂಪು ಬರೋ ತನಕ ಕಾಯಿಸಿ ಮತ್ತೆ ಮೆತ್ತಗೆ ಮಾಡ್ಕೋಬೇಕು. ನಮ್ಮ ಕಂಚುಗಾರರಿಗೆ ಇದೇನೂ ಹೊಸದಲ್ಲ.

ಇಷ್ಟೆಲ್ಲ ಕಂದಕದಲ್ಲಿ ಕೂತು ಆಗೋ ಕೆಲಸನಾ? ಹೆಚ್ಚಿನವು ರಣರಂಗದ ಹಿಂದುಗಡೆ ಇದ್ದ ವರ್ಕ್‌ಶಾಪಲ್ಲಿ ಸೈನ್ಯದ ಕಮ್ಮಾರರು, ಗಾಯಾಳುಗಳು, ಯುದ್ಧಕೈದಿಗಳು ಮಾಡಿದ್ದು. ಕೂಲಿಗೆ ಬಂದಿದ್ದ ಚೀನೀಯರು ಡ್ರ್ಯಾಗನ್ ಕೆತ್ತಿದ್ರು. ಯುದ್ಧ ಮುಗಿದ್ಮೇಲೆ ರಣಭೂಮಿ ನೋಡೋಕೆ ಬಂದವರಿಗೆ ಅಲ್ಲಿನ ಜನ ಮಾಡಿ ಮಾರಿದ್ದೂ ಇದೆ.

ಇನ್ನೊಂದು, ಇದು ನಮ್ಮ ದೇಶದ್ದೇ. ಬ್ರಿಟಿಷ್ ಇಂಡಿಯಾದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗೇ ಬಿರುಕು ಬಿಡ್ತಿದ್ವು. ಕುದುರೆ ಉಚ್ಚೆಯಿಂದ ಬರೋ ಅಮೋನಿಯ, ಜೊತೆಗೆ ತಯಾರಿಸುವಾಗ ಹಿತ್ತಾಳೆಲಿ ಉಳಿದ ಒಳಬಿಗಿತ, ಎರಡೂ ಸೇರಿದ್ರೆ ಹೀಗಾಗತ್ತೆ ಅಂತ 1921ರಲ್ಲಿ ಗೊತ್ತಾಯ್ತು. ಬಡಿದು ಮಾಡಿದ ಹೂದಾನಿಲೂ ಅದೇ ಬಿಗಿತ ಇರಬಹುದು, ಹಾಗಾಗಿ ಮನೇಲಿ ಇಂಥದ್ದಿದ್ರೆ ಅಮೋನಿಯ ಇರೋ ಪಾಲಿಶ್ ಹಾಕಿ ತಿಕ್ಕೋಕೆ ಹೋಗಬೇಡಿ.