ಗುಟ್ಟು ಬಯಲಾಗುವುದು ಯಾವ ಬಯಲಿನಲ್ಲಿ?

‘ಹಗರಣ ಬಯಲಿಗೆ’, ‘ವಂಚನೆ ಜಾಲ ಬಯಲು’. ಪತ್ರಿಕೆ ಬಿಡಿಸಿದರೆ ಇಂಥ ತಲೆಬರಹ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಬಳಸಿ ಬಳಸಿ ಸವೆದ ಪದವಾದ್ದರಿಂದ, ಅದರೊಳಗೊಂದು ಗದ್ದೆ ಇದೆ ಎಂಬುದೇ ಮರೆತುಹೋಗಿದೆ.

ತಮಿಳು, ಮಲಯಾಳಂಗಳಲ್ಲಿ ‘ವಯಲ್’ ಎಂದರೆ ಭತ್ತದ ಗದ್ದೆ. ಪದದ ಮೊದಲಿಗೆ ಅಲ್ಲಿ ವಕಾರವಿದ್ದರೆ ಕನ್ನಡದಲ್ಲಿ ಬಕಾರ ಬರುವುದು ವಾಡಿಕೆ. ಅವರ ವಿರಲ್ ನಮ್ಮ ಬೆರಳು, ಅವರ ವಿಲ್ ನಮ್ಮ ಬಿಲ್ಲು; ಹಾಗೆಯೇ ವಯಲ್, ಬಯಲು. ಕರಾವಳಿಯವರ ಮಾತಿನಲ್ಲಿ ‘ಬೈಲು’ ಈಗಲೂ ಗದ್ದೆಗಳ ಹರವೇ. ಉಳಿದೆಡೆ ಅರ್ಥ ಹಿಗ್ಗಿ, ಮರೆಯಿಲ್ಲದ ನೆಲವೆಲ್ಲ ಬಯಲಾಯಿತು. ಬಯಲುಸೀಮೆ ಹುಟ್ಟಿದ್ದು ಹಾಗೆ, ಸೂರಿಲ್ಲದ ರಂಗದ ಬಯಲಾಟವೂ ಹಾಗೆಯೇ.

ಮರೆಯಿಲ್ಲದ ಜಾಗಕ್ಕೆ ಬಂದದ್ದು ಎಲ್ಲರಿಗೂ ಕಾಣುತ್ತದೆ. ಗುಟ್ಟಿಗೂ ಬಯಲಿಗೂ ನಂಟು ಬೆಳೆದದ್ದು ಇಲ್ಲಿಂದ. ನೆರೆಯವರೂ ಇದೇ ದಾರಿ ಹಿಡಿದವರು: ತೆಲುಗಿನಲ್ಲಿ ಗುಟ್ಟು ‘ಬಯಟ’ ಬೀಳುತ್ತದೆ, ತಮಿಳಿನಲ್ಲಿ ತೆರಪು ಎಂಬರ್ಥದ ‘ವೆಳಿ’ಗೆ ಬರುತ್ತದೆ.

ನನಗೆ ಬಹಳ ಇಷ್ಟವಾಗುವುದು ಈ ಪದದ ಜೊತೆ ಕನ್ನಡ ಹೂಡುವ ಕ್ರಿಯಾಪದಗಳು. ‘ಬಯಲಾಯಿತು’ ಎಂದರೆ ತಾನಾಗಿ ತಿಳಿದುಬಂತು. ‘ಬಯಲು ಮಾಡಿದ’ ಎಂದರೆ ಯಾರೋ ಹೇಳಿಬಿಟ್ಟ. ‘ಬಯಲಿಗೆಳೆದ’ ಎಂದಾಗ ಮಾತ್ರ ಒಳಗಿನಿಂದ ಬಿಗಿಯಾಗಿ ಹಿಡಿದುಕೊಂಡವರೊಬ್ಬರು ಇದ್ದಾರೆಂದು ಗೊತ್ತಾಗುತ್ತದೆ. ಅಕ್ರಮ ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿಯ ಬಗ್ಗೆ ಮಾತಾಡುವಾಗ ಈ ‘ಎಳೆ’ಯನ್ನು ಬಿಟ್ಟು ಬೇರೆ ಪದ ಹೊಂದದು.

ಹನ್ನೆರಡನೆಯ ಶತಮಾನದ ಅಲ್ಲಮಪ್ರಭು ಇದೇ ಪದವನ್ನು ಇನ್ನೊಂದು ಎತ್ತರಕ್ಕೆ ಒಯ್ದ. ಅವನ ವಚನದಲ್ಲಿ ‘ಬಯಲಾದೆ’ ಎಂದರೆ ಗುಟ್ಟು ಹೊರಬಿತ್ತು ಎಂದಲ್ಲ. ‘ನಾನು’ ಎಂಬುದೇ ಕರಗಿ ಶೂನ್ಯವಾಯಿತು ಎಂದು. ಬಚ್ಚಿಡಲು ವಸ್ತುವೂ ಇಲ್ಲ, ಬಚ್ಚಿಡುವವನೂ ಇಲ್ಲ.

ಕಚೇರಿ ಕನ್ನಡಕ್ಕೆ ಮಾತ್ರ ಸಂಸ್ಕೃತದ ‘ಬಹಿರಂಗಪಡಿಸು’ ಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ, ಸರ್ಕಾರಿ ಕಚೇರಿಗಳು ತಮ್ಮ ಕೆಲಸ, ಅಧಿಕಾರ, ಆಯವ್ಯಯದ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆನ್ನುತ್ತದೆ. ಅಂದರೆ, ಎಳೆಯುವವರಿಗಾಗಿ ಕಾಯದೆ ಕಡತಗಳು ತಾವಾಗಿಯೇ ಬಯಲಿಗೆ ಬರಬೇಕು.