ಘಟ್ಟದ ಕೆಳಗೆ ನಾಲ್ಕು ಡೈವ್

ದಸರಾ ಮುಗಿದು ಊರು ತಣ್ಣಗಾಗುವ ಹೊತ್ತಿಗೆ ನನ್ನ ಫೋನ್ ಶುರುವಾಗುತ್ತದೆ. "ಸರ್, ಥಿಯರಿ ಮುಗೀತು, ಪೂಲ್ ಅರ್ಧ ಆಗಿದೆ. ಚಳಿ ಬರ್ತಿದೆ, ಸಮುದ್ರದ ಡೈವ್ ಏಪ್ರಿಲ್‌ಗೆ ಇಟ್ಕೊಳ್ಳೋಣ್ವಾ?" ಮೈಸೂರಿನಲ್ಲಿದ್ದುಕೊಂಡು ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನೀರಿನಡಿ ಈಜುವುದನ್ನು, ಕಲಿಸುವ ನನಗೆ ವರ್ಷವರ್ಷವೂ ಇದೇ ಪ್ರಶ್ನೆ. ನನ್ನ ಉತ್ತರವೂ ಪ್ರತಿ ವರ್ಷ ಒಂದೇ. ಬೇಡ, ಈಗಲೇ ಮುಗಿಸಿ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಡೈವಿಂಗ್ ಕಾಲ ಅಂದರೆ ಅಕ್ಟೋಬರ್‌ನಿಂದ ಮೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅಲೆ, ಕಲಕಿದ ನೀರು. ದೋಣಿ ಹೊರಡುವುದೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಅರಬ್ಬಿ ಸಮುದ್ರದ ನೀರು 27 ಡಿಗ್ರಿ ಆಸುಪಾಸು ಇರುತ್ತದೆ. ಅದೇ ಹೊತ್ತಿಗೆ ಮೈಸೂರಿನ ಬಯಲು ಈಜುಕೊಳದಲ್ಲಿ ಬೆಳಿಗ್ಗೆ ಥರ್ಮಾಮೀಟರ್ ಇಟ್ಟರೆ ನನಗೆ ಸಿಗುವುದು 21, ಬಹಳ ಅಂದರೆ 22. ಚಳಿ ಕಾಡುವುದು ಇಲ್ಲಿ, ನಮ್ಮೂರಿನಲ್ಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಓಪನ್ ವಾಟರ್ ಡೈವರ್ ಅನ್ನುವ ಮೊದಲ ಸರ್ಟಿಫಿಕೇಟ್‌ಗೆ ಮೂರು ಭಾಗ ಇದೆ. ಪಾಠ, ಈಜುಕೊಳದ ಅಭ್ಯಾಸ, ಕೊನೆಗೆ ತೆರೆದ ನೀರಿನಲ್ಲಿ ನಾಲ್ಕು ಡೈವ್. ಮೊದಲೆರಡನ್ನು ಒಂದು ಊರಿನಲ್ಲಿ ಮುಗಿಸಿ, ಕೊನೆಯದನ್ನು ಇನ್ನೊಂದು ಊರಿನಲ್ಲಿ, ಬೇರೆ ಇನ್‌ಸ್ಟ್ರಕ್ಟರ್ ಹತ್ತಿರ ಮಾಡಬಹುದು. ಅದಕ್ಕೆ ರೆಫರಲ್ ಪತ್ರ ಬೇಕು, ಇಷ್ಟು ಕಲಿತಾಗಿದೆ ಅಂತ ಮೊದಲ ಇನ್‌ಸ್ಟ್ರಕ್ಟರ್ ಬರೆದುಕೊಡುವುದು. ಸರ್ಟಿಫಿಕೇಟ್ ಕೊಡುವ ಪಾಡಿ (PADI) ಸಂಸ್ಥೆಯ ಲೆಕ್ಕದಲ್ಲಿ ಅದು 12 ತಿಂಗಳು ನಡೆಯುತ್ತದೆ. ಪತ್ರಕ್ಕೆ ವರ್ಷ ಇದೆಯಲ್ಲ ಅಂತ ಸುಮ್ನೆ ಕೂತರೆ ಕಲಿತದ್ದು ಕೈಬಿಟ್ಟು ಹೋಗುತ್ತದೆ. ನಾಲ್ಕು ತಿಂಗಳು ನೀರಿಗಿಳಿಯದೆ ಹೋದವರು ಕಣ್ಣು, ಮೂಗು ಮುಚ್ಚುವ ಮಾಸ್ಕ್ ತೆಗೆದ ತಕ್ಷಣ, ಬಾಯಿಯಿಂದಲೇ ಉಸಿರಾಡಬೇಕು ಅನ್ನುವುದು ಮರೆತು ಮೂಗಿನಿಂದ ಉಸಿರೆಳೆದುಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಪೂಲ್ ಮುಗಿದ ಆರು ವಾರದೊಳಗೆ ಕಡಲಿಗೆ ಇಳಿಯಿರಿ ಅಂತ ನಾನು ಹೇಳುವುದು ಅದಕ್ಕೇ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಡಿಸೆಂಬರ್‌ನಲ್ಲಿ ಮಂಡ್ಯದಿಂದ ಮೊದಲ ಬಸ್ಸಿಗೆ ಬಂದು ಆರೂವರೆಗೆ ಪೂಲ್ ಅಂಚಿನಲ್ಲಿ ನಿಂತಿರುತ್ತಿದ್ದ. ಅವತ್ತಿನ ಪಾಠ, ನೀರಿನಡಿ ಮಂಡಿಯೂರಿ ಮಾಸ್ಕ್ ಪೂರ್ತಿ ತೆಗೆದು, ಒಂದು ನಿಮಿಷ ಉಸಿರಾಡಿ, ಮತ್ತೆ ಹಾಕಿಕೊಂಡು ಒಳಗಿನ ನೀರು ಹೊರಹಾಕುವುದು. ಮೂರು ಸಲ ಮಾಡಿದ, ಮೂರೂ ಸಲ ತಪ್ಪಿತು. ಹತ್ತಿರ ಹೋಗಿ ನೋಡಿದೆ. ಪಟ್ಟಿ ಹಿಡಿಯಲು ಬೆರಳು ಬಗ್ಗುತ್ತಿರಲಿಲ್ಲ. ಹಣೆಯ ಕೂದಲು ಮಾಸ್ಕ್‌ನ ರಬ್ಬರ್ ಒಳಗೆ ಸಿಕ್ಕಿಕೊಂಡು ನೀರು ಸೋರುತ್ತಿತ್ತು. ಅದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಸರಿ ಇದ್ದೇನೆ ಅಂತ ಕೈಸನ್ನೆ ಮಾಡಿದ, ಆ ಕೈಯೇ ಗಡಗಡ ನಡುಗುತ್ತಿತ್ತು. ಮೇಲೆ ಕರೆತಂದೆ. "ಇಲ್ಲ ಸಾ, ಇನ್ನೊಂದ್ಸಲ ಮಾಡ್ತೀನಿ, ಬುಡಿ" ಅಂದ. ಬಿಡಲಿಲ್ಲ.

ಅವನಿಗಿದ್ದದ್ದು ಹೆದರಿಕೆ ಅಲ್ಲ, ಚಳಿ. ಗಾಳಿಗಿಂತ ನೀರು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬೇಗ ಮೈಯ ಶಾಖ ಎಳೆಯುತ್ತದೆ. ಮೊದಲು ಬೆರಳಿನ ಹಿಡಿತ ಹೋಗುತ್ತದೆ, ಆಮೇಲೆ ಉಸಿರು ಏರುತ್ತದೆ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ, ಹೇಳಿದ್ದು ತಲೆಗೆ ಹೋಗಲ್ಲ. ಆ ಸ್ಥಿತಿಯಲ್ಲಿ ಕಲಿಸಿದರೆ "ನನಗೆ ಇದು ಬರಲ್ಲ" ಅನ್ನುವ ನಂಬಿಕೆಯೊಂದೇ ಮನಸ್ಸಿನಲ್ಲಿ ಕೂರುತ್ತದೆ. ಮುಂದಿನ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಬರಲು ಹೇಳಿದೆ. ಮೈ ತುಂಬ ಮುಚ್ಚುವ 5 ಮಿಲಿಮೀಟರ್ ದಪ್ಪದ ವೆಟ್‌ಸೂಟ್, ಅಂದರೆ ಚಳಿ ತಡೆಯುವ ರಬ್ಬರ್ ಉಡುಪು, ಕೊಟ್ಟೆ. ಮೊದಲ ಸಲಕ್ಕೇ ಮಾಡಿದ. ಅಂದಿನಿಂದ ಚಳಿಗಾಲದಲ್ಲಿ ಬೆಳಗಿನ ಕ್ಲಾಸ್ ಇಟ್ಟುಕೊಂಡಿಲ್ಲ. ನಲವತ್ತು ನಿಮಿಷ ನೀರು, ಆಮೇಲೆ ಬಿಸಿಲು, ಬಿಸಿ ಕಾಫಿ, ಮತ್ತೆ ನೀರು.

ಈಗ ಜಾಗದ ವಿಷಯ.

ನಮಗೆ ಹತ್ತಿರದ್ದು ನೇತ್ರಾಣಿ ದ್ವೀಪ. ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್. ಮೈಸೂರಿನಿಂದ ಮುರುಡೇಶ್ವರಕ್ಕೆ 400 ಕಿಲೋಮೀಟರ್ ಹತ್ತಿರ ಆಗುತ್ತದೆ, ರಾತ್ರಿ ರೈಲೂ ಇದೆ. ಅಲ್ಲಿನ ನೀರಿಗೆ 3 ಮಿಲಿಮೀಟರ್ ಸೂಟ್ ಸಾಕು. ಚಳಿ ಹತ್ತುವುದು ದೋಣಿಯ ಮೇಲೆ. ಒದ್ದೆ ಮೈಗೆ ಗಾಳಿ ಬಡಿದರೆ ಎರಡನೇ ಡೈವ್‌ಗೆ ಮುಂಚೆಯೇ ನಡುಕ ಬರುತ್ತದೆ. ಒಣ ಟವೆಲ್, ಗಾಳಿ ತಡೆಯುವ ಜಾಕೆಟ್, ಫ್ಲಾಸ್ಕ್‌ನಲ್ಲಿ ಬಿಸಿನೀರು, ಇಷ್ಟು ಚೀಲದಲ್ಲಿ ಇರಲೇಬೇಕು.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಮಾತ್ರ ಬೇಡ. ಒಂದು ಸಲ ನೀರಿಗಿಳಿದು ಫೋಟೋ ತೆಗೆಸಿಕೊಳ್ಳಲು ಬಂದವರಿಂದ ದೋಣಿಗಳು ತುಂಬಿರುತ್ತವೆ. ಕಲಿಯುವವರಿಗೆ ಸಮಯ ಸಿಗಲ್ಲ. ಜನವರಿಯ ವಾರದ ದಿನಗಳಲ್ಲಿ ಹೋಗಿ. ದುಡ್ಡು ಕಟ್ಟುವ ಮುಂಚೆ ಫೋನ್‌ನಲ್ಲಿ ಕೇಳಿ: ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ, ದೋಣಿಯಲ್ಲಿ ಆಕ್ಸಿಜನ್ ಇದೆಯಾ, ನನ್ನ ರೆಫರಲ್ ಪತ್ರ ನೀವು ಒಪ್ಪುತ್ತೀರಾ. ನಿಯಮದ ಪ್ರಕಾರ ಎಂಟು ಜನರವರೆಗೆ ಇರಬಹುದು. ನಾಲ್ಕಕ್ಕಿಂತ ಜಾಸ್ತಿ ಇದ್ದರೆ ನನ್ನ ವಿದ್ಯಾರ್ಥಿಗಳನ್ನು ನಾನು ಕಳಿಸಲ್ಲ. "ನಾಲ್ಕೂ ಡೈವ್ ಒಂದೇ ದಿನ ಮುಗಿಸಿಕೊಡ್ತೀವಿ" ಅಂದರೆ ಅಲ್ಲಿಗೇ ಫೋನ್ ಇಡಿ. ದಿನಕ್ಕೆ ಮೂರಕ್ಕಿಂತ ಹೆಚ್ಚು ತರಬೇತಿ ಡೈವ್ ಮಾಡಿಸುವಂತಿಲ್ಲ. ಎರಡು ದಿನ ಬೇಕೇ ಬೇಕು.

ದೋಣಿ ಅಂದರೆ ತಲೆ ಸುತ್ತುತ್ತದೆ ಅನ್ನುವವರಿಗೆ ಅಂಡಮಾನಿನ ಹ್ಯಾವ್‌ಲಾಕ್ ಹೇಳುತ್ತೇನೆ. ಈಗ ಅದಕ್ಕೆ ಸ್ವರಾಜ್ ದ್ವೀಪ ಅಂತ ಹೆಸರು. ಅಲ್ಲಿ ಮರಳಿನ ಮೇಲೆ ನಡೆದುಕೊಂಡೇ ನೀರಿಗೆ ಇಳಿಯುವ ಜಾಗ ಇದೆ. ಖರ್ಚು ಜಾಸ್ತಿ, ಆದರೆ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನಾನು ನಮ್ಮ ದೇಶದಲ್ಲಿ ಕಂಡಿಲ್ಲ. ನವೆಂಬರ್, ಡಿಸೆಂಬರ್ ಶುರುವಿನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಟ ಇರುತ್ತದೆ, ಹಾಗಾಗಿ ಜನವರಿ ದಾಟಿಸಿ ಹೋಗಿ.

ಪುದುಚೇರಿ ವಿಷಯದಲ್ಲಿ ನಮ್ಮವರು ಎಡವುವುದು ಈ ಕಾಲದ ಲೆಕ್ಕದಲ್ಲೇ. ನಮ್ಮಲ್ಲಿ ಮಳೆ ನಿಂತಿತು, ಅಲ್ಲೂ ನಿಂತಿರುತ್ತದೆ ಅಂದುಕೊಳ್ಳುತ್ತಾರೆ. ಅವರಿಗೆ ಜೋರು ಮಳೆ ಬರುವುದೇ ಅಕ್ಟೋಬರ್‌ನಿಂದ ಡಿಸೆಂಬರ್, ಹಿಂಗಾರಿನಲ್ಲಿ. ಫೆಬ್ರವರಿವರೆಗೆ ಆ ಕಡೆ ನೋಡಬೇಡಿ. ಶ್ರೀಲಂಕಾದಲ್ಲಂತೂ ಒಂದೇ ದ್ವೀಪದಲ್ಲಿ ಇದು ಕಾಣುತ್ತದೆ. ನವೆಂಬರ್‌ನಿಂದ ಏಪ್ರಿಲ್ ನೈಋತ್ಯ ಕರಾವಳಿಯ ಹಿಕ್ಕಡುವದ ಕಡೆ ಕಡಲು ಶಾಂತ, ಬೇಸಿಗೆ ಕಳೆದ ಮೇಲೆ ಪೂರ್ವ ಕರಾವಳಿಯ ಟ್ರಿಂಕೋಮಲಿ ಕಡೆ.

"ನಮ್ಮ ಕನ್ನಂಬಾಡಿಲಿ ಇಷ್ಟೊಂದ್ ನೀರೈತಲ್ಲ ಸಾ, ಅಲ್ಲೇ ಮುಗುಸ್ಬುಡಕ್ಕಾಗಲ್ವಾ?" ಇದನ್ನೂ ತುಂಬ ಜನ ಕೇಳುತ್ತಾರೆ. ಕೇಳುವುದು ತಪ್ಪಲ್ಲ, ಹೊರದೇಶಗಳಲ್ಲಿ ಕೆರೆ, ಕಲ್ಲುಕ್ವಾರಿಯ ಹೊಂಡಗಳಲ್ಲೇ ಎಷ್ಟೋ ಜನ ಸರ್ಟಿಫಿಕೇಟ್ ಮುಗಿಸುತ್ತಾರೆ. ಆದರೆ ಕೆಆರ್‌ಎಸ್ ನಮ್ಮ ಕುಡಿಯುವ ನೀರು, ಕಾವಲು ಇರುವ ಅಣೆಕಟ್ಟು. ಒಳಗೆ ಮೀನಿನ ಬಲೆ, ಮುಳುಗಿದ ಮರ, ಹಳೇ ಕನ್ನಂಬಾಡಿ ಊರಿನ ಗೋಡೆಗಳು. ವೇಣುಗೋಪಾಲಸ್ವಾಮಿ ದೇವಸ್ಥಾನ ಅಲ್ಲೇ ಮುಳುಗಿತ್ತು, ಅದನ್ನು ಕಲ್ಲುಕಲ್ಲಾಗಿ ಹೊಸ ಕನ್ನಂಬಾಡಿಗೆ ತಂದದ್ದು ಆಮೇಲೆ. ಚಾಚಿದ ಕೈಯೇ ಕಾಣದ ನೀರಿನಲ್ಲಿ ಹೊಸಬರನ್ನು ಇಳಿಸುವುದು ಅಪಾಯ. ಜೊತೆಗೆ ಸಮುದ್ರ ಮಟ್ಟದಿಂದ 300 ಮೀಟರ್‌ಗಿಂತ ಎತ್ತರದ ನೀರಿಗೆ ಡೈವಿಂಗ್ ಲೆಕ್ಕವೇ ಬೇರೆ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯ ಕ್ವಾರಿ ಹೊಂಡಗಳೂ ಬೇಡ.

ನೀರಿನಡಿ ಇಳಿಯಲು ತೂಕಕ್ಕೆ ಅಂತ ಮೈಗೆ ಸೀಸ ಕಟ್ಟಿಕೊಳ್ಳುತ್ತೇವೆ. ಕಡಲಿಗೆ ಹೋದಾಗ ಪೂಲ್‌ನಲ್ಲಿ ಹಾಕಿದಷ್ಟೇ ಸೀಸ ಕಟ್ಟಿಕೊಂಡರೆ ಮುಳುಗಲ್ಲ. ಉಪ್ಪುನೀರು ಎತ್ತುತ್ತದೆ. ಎರಡು ಕೆಜಿ ಆಸುಪಾಸು ಜಾಸ್ತಿ ಬೇಕಾಗುತ್ತದೆ. ಮೇಲೇ ತೇಲುತ್ತಾ ಕಾಲು ಬಡಿಯುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ನೆಗಡಿ ಇದ್ದರೆ ಹೋಗಲೇಬೇಡಿ. ಧನುರ್ಮಾಸದಲ್ಲಿ ನಮ್ಮೂರಲ್ಲಿ ಮನೆಗೊಬ್ಬರಿಗೆ ಮೂಗು ಕಟ್ಟಿರುತ್ತದೆ. ಮೂಗು ಕಟ್ಟಿದರೆ ಕಿವಿಯ ಒತ್ತಡ ಸರಿದೂಗಲ್ಲ. ಮಾತ್ರೆ ನುಂಗಿ ಇಳಿದವರಿಗೆ ಅದರ ಬಲ ನೀರಿನಡಿಯಲ್ಲೇ ಇಳಿದರೆ, ಮೇಲೆ ಬರುವಾಗ ಒಳಗಿನ ಗಾಳಿ ಸಿಕ್ಕಿಕೊಂಡು ವಿಪರೀತ ನೋವಾಗುತ್ತದೆ. ಟಿಕೆಟ್ ದುಡ್ಡು ಹೋಗಲಿ.

ನಾನು ಜಾಸ್ತಿ ಜಗಳ ಆಡುವುದು ವಾಪಸ್ ಬರುವ ಪ್ರಯಾಣದ ಬಗ್ಗೆ. ಡೈವ್ ಮುಗಿಸಿ ತಕ್ಷಣ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು. ಕಾರು, ರೈಲಿನ ಬಗ್ಗೆ ಯಾರೂ ಯೋಚಿಸಲ್ಲ. ಆಳದಲ್ಲಿ ಉಸಿರಾಡುವಾಗ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗುತ್ತದೆ. ಮೇಲೆ ಬಂದ ಮೇಲೂ ಅದು ಪೂರ್ತಿ ಹೋಗಲು ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ಎತ್ತರಕ್ಕೆ ಏರಿದರೆ ಸುತ್ತಲಿನ ಒತ್ತಡ ಇಳಿದು, ಗೋಲಿ ಒತ್ತಿದ ಸೋಡಾದ ಹಾಗೆ ಮೈಯೊಳಗೆ ಗುಳ್ಳೆ ಏಳಬಹುದು. ಕೀಲು ನೋವಿನಿಂದ ಹಿಡಿದು ಕೈಕಾಲು ಬೀಳುವವರೆಗೆ ಏನು ಬೇಕಾದರೂ ಆಗಬಹುದು. ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಕಾಯಿರಿ ಅನ್ನುತ್ತದೆ ಡೈವಿಂಗ್ ಸುರಕ್ಷತೆ ನೋಡಿಕೊಳ್ಳುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ. ಸುಮಾರು 600 ಮೀಟರ್ ಎತ್ತರದಿಂದಲೇ ಇದು ಅನ್ವಯ. ಮೈಸೂರೇ 770 ಮೀಟರ್ ಎತ್ತರದಲ್ಲಿದೆ. ಮಡಿಕೇರಿ ಮೇಲೆ ಬಂದರೆ 1,100 ದಾಟುತ್ತೀರಿ. ಘಟ್ಟ ಹತ್ತದೆ ಮುರುಡೇಶ್ವರದಿಂದ ನಮ್ಮೂರಿಗೆ ದಾರಿಯೇ ಇಲ್ಲ, ಅಲ್ವಾ?

ಮಂಡ್ಯದ ಹುಡುಗ ಜನವರಿಯಲ್ಲಿ ಹೋದ. ಭಾನುವಾರ ಮಧ್ಯಾಹ್ನ ಒಂದಕ್ಕೆ ನಾಲ್ಕನೇ ಡೈವ್ ಮುಗಿಯಿತು. ರಾತ್ರಿಯೇ ಹೊರಟು ಸೋಮವಾರ ಕೆಲಸಕ್ಕೆ ಹೋಗುವ ಲೆಕ್ಕ ಅವನದ್ದು. "ಅಮ್ಮ ಕಾಯ್ತಾವ್ರೆ ಸಾ" ಅಂದ. ಅಮ್ಮನಿಗೆ ಫೋನ್ ಕೊಡು ಅಂದೆ. ಹದಿನೆಂಟು ಗಂಟೆ ಯಾಕೆ ಅಂತ ಅವರಿಗೆ ನಾನೇ ಬಿಡಿಸಿ ಹೇಳಿದೆ. "ಹಂಗಾದ್ರೆ ನಾಳೆನೇ ಬರ್ಲಿ ಬುಡಿ ಸಾಮಿ" ಅಂದರು. ಸೋಮವಾರ ಬೆಳಿಗ್ಗೆ ಏಳಕ್ಕೆ ಹದಿನೆಂಟು ತುಂಬಿತು. ತಿಂಡಿ ತಿಂದು ಒಂಬತ್ತಕ್ಕೆ ಹೊರಟ. ಹೊರಡುವ ಮುಂಚೆ ಲಾಗ್‌ಬುಕ್‌ನ ನಾಲ್ಕನೇ ಪುಟದ ಫೋಟೋ ಕಳಿಸಿದ. ಆಳ 16 ಮೀಟರ್, ನೀರು 27 ಡಿಗ್ರಿ, ಸೀಸ 6 ಕೆಜಿ. ಕೆಳಗೆ ದುಂಡು ಅಕ್ಷರದಲ್ಲಿ, "ಮಾಸ್ಕ್ ತೆಗೆದು ಹಾಕಿದೆ, ಒಂದೇ ಸಲಕ್ಕೆ."