ತಲೆನೋವು ಒಂದೇ, ಕೇಳುವ ಪ್ರಶ್ನೆ ಬೇರೆ

ನಾಲ್ಕು ಜನರ ಮುಂದೆ ಮಾತಾಡಬೇಕಾದ ದಿನವೇ ತಲೆನೋವು. ವೈದ್ಯರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ದೇಹದಲ್ಲಿ ದೋಷವಿಲ್ಲ ಎಂದಿದ್ದಾರೆ. ಇಂಥ ವ್ಯಕ್ತಿ ಎದುರಿಗೆ ಬಂದರೆ ಮನಸ್ಸಿನ ಚಿಕಿತ್ಸೆಗೆ ಹೆಸರಾದ ಫ್ರಾಯ್ಡ್, ಆಡ್ಲರ್, ಯೂಂಗ್ ಮೂವರೂ ಮೊದಲ ಗಂಟೆಯನ್ನು ಒಂದೇ ರೀತಿ ಕಳೆಯುತ್ತಿರಲಿಲ್ಲ. ಇಡ್, ಅಹಂ, ಪರಾಹಂ, ಕೀಳರಿಮೆ, ಆದಿರೂಪ ಎಂಬ ಪದಗಳು ಪರೀಕ್ಷೆಗೆ ಓದುವವರಿಗೆಲ್ಲ ಬಾಯಿಪಾಠವಾಗಿರುತ್ತವೆ. ಆದರೆ ವ್ಯಕ್ತಿತ್ವದ ಸಿದ್ಧಾಂತವೊಂದು ಅರ್ಥವಾಗಬೇಕಾದರೆ ಅದನ್ನು ನಂಬಿದ ಚಿಕಿತ್ಸಕ ಎಲ್ಲಿ ಕೂರುತ್ತಾನೆ, ಏನು ಕೇಳುತ್ತಾನೆ, ಯಾವಾಗ ಸುಮ್ಮನಿರುತ್ತಾನೆ ಎಂಬುದನ್ನು ನೋಡಬೇಕು.

ಶುರುವಾದದ್ದು ಸಮ್ಮೋಹನದಿಂದ. ವಿಯೆನ್ನಾದ ವೈದ್ಯ ಜೋಸೆಫ್ ಬ್ರಾಯರ್ 1880ರಿಂದ 1882ರವರೆಗೆ ‘ಅನ್ನಾ ಓ’ ಎಂಬ ಗುಪ್ತನಾಮದ ಯುವತಿಗೆ ಚಿಕಿತ್ಸೆ ಕೊಟ್ಟರು. ರೋಗಲಕ್ಷಣ ಮೊದಲು ಕಾಣಿಸಿಕೊಂಡ ಸಂದರ್ಭವನ್ನು ಭಾವನೆಯ ಸಮೇತ ಹೇಳಿಕೊಂಡಾಗ ಅದು ಸಡಿಲವಾಗುತ್ತಿತ್ತು. ‘ಮಾತಿನ ಚಿಕಿತ್ಸೆ’ ಎಂಬ ಹೆಸರನ್ನು ಕೊಟ್ಟದ್ದೂ ಆ ಯುವತಿಯೇ. ಬ್ರಾಯರ್ ಮತ್ತು ಫ್ರಾಯ್ಡ್, ದೇಹದಲ್ಲಿ ದೋಷ ಕಾಣದಿದ್ದರೂ ರೋಗಲಕ್ಷಣ ತೋರುವ ಹಿಸ್ಟೀರಿಯಾ ಕುರಿತ ತಮ್ಮ ಅಧ್ಯಯನಗಳನ್ನು 1895ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಸಮ್ಮೋಹನದ ತೊಡಕುಗಳು ಫ್ರಾಯ್ಡ್‌ಗೆ ಗೊತ್ತಾಗಿದ್ದವು: ಎಲ್ಲರೂ ಅದಕ್ಕೆ ಒಳಗಾಗುವುದಿಲ್ಲ, ಸಿಕ್ಕ ಆರಾಮವೂ ವೈದ್ಯನ ಜೊತೆಗಿನ ಸಂಬಂಧ ಕೆಟ್ಟರೆ ಉಳಿಯುವುದಿಲ್ಲ. ಕೆಲಕಾಲ ಅವರು ರೋಗಿಯ ಹಣೆಯ ಮೇಲೆ ಕೈಯೊತ್ತಿ ‘ಈಗ ಏನು ನೆನಪಾಯಿತು’ ಎಂದು ಕೇಳಿದರು. ಆಮೇಲೆ ಅದನ್ನೂ ಬಿಟ್ಟು ಮುಕ್ತ ಸಾಹಚರ್ಯಕ್ಕೆ ಬಂದರು.

ನಿಯಮ ಒಂದೇ. ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಬೇಕು. ಕ್ಷುಲ್ಲಕ, ಅಸಂಬದ್ಧ, ನಾಚಿಕೆಯ ವಿಷಯ ಎಂದು ಯಾವುದನ್ನೂ ತಡೆಹಿಡಿಯಬಾರದು. 1913ರ ಲೇಖನದಲ್ಲಿ ಫ್ರಾಯ್ಡ್ ರೈಲಿನ ಹೋಲಿಕೆ ಕೊಡುತ್ತಾರೆ: ಕಿಟಕಿ ಪಕ್ಕ ಕೂತವರು ಒಳಗಿದ್ದವರಿಗೆ ಹೊರಗೆ ಸರಿದುಹೋಗುವ ದೃಶ್ಯವನ್ನು ವರ್ಣಿಸುವಂತೆ ಮಾತಾಡಬೇಕು. ರೋಗಿ ಸೋಫಾದ ಮೇಲೆ ಮಲಗುತ್ತಾನೆ, ಚಿಕಿತ್ಸಕ ತಲೆಯ ಹಿಂದೆ, ಕಣ್ಣಿಗೆ ಬೀಳದಂತೆ ಕೂರುತ್ತಾನೆ. ಫ್ರಾಯ್ಡ್ ಕಾಲದಲ್ಲಿ ವಾರಕ್ಕೆ 6 ದಿನ, ದಿನಕ್ಕೆ ಒಂದು ಗಂಟೆ. ತೀವ್ರತೆ ಕಡಿಮೆಯಿದ್ದರೆ 3 ದಿನ. ಇಷ್ಟೊಂದು ಯಾಕೆ ಎಂದು ಕೇಳಿದರೆ ಉತ್ತರ ಅನುಭವದಲ್ಲಿದೆ. ಭಾನುವಾರದ ಒಂದೇ ದಿನದ ಬಿಡುವಿಗೂ ಮನಸ್ಸಿನ ಮೇಲೆ ಪೊರೆ ಕಟ್ಟುತ್ತದೆ, ಸೋಮವಾರ ಅದನ್ನು ಒಡೆದೇ ಮುಂದೆ ಹೋಗಬೇಕು.

ಚಿಕಿತ್ಸಕನಿಗೂ ಅಷ್ಟೇ ಕಟ್ಟುನಿಟ್ಟು. ಗಂಟೆ ನಡೆಯುತ್ತಿರುವಾಗ ಟಿಪ್ಪಣಿ ಬರೆದುಕೊಳ್ಳಬಾರದು ಎಂದು 1912ರಲ್ಲಿ ಫ್ರಾಯ್ಡ್ ಬರೆದರು. ಬರೆಯುವ ಕೈ ಆರಿಸುತ್ತದೆ, ಆರಿಸುವಾಗ ನಮ್ಮ ನಿರೀಕ್ಷೆಗೆ ಹೊಂದುವುದು ಮಾತ್ರ ಉಳಿಯುತ್ತದೆ. ಯಾವ ಮಾತಿಗೂ ಹೆಚ್ಚು ಕಿವಿಗೊಡದೆ ಎಲ್ಲಕ್ಕೂ ಸಮನಾಗಿ ಗಮನ ಕೊಡುವ ಈ ಅಭ್ಯಾಸ ಕಲಿಯಲು ವರ್ಷಗಳು ಬೇಕು. ಫ್ರಾಯ್ಡ್ ತಂತ್ರದಲ್ಲಿ ಇಂದಿಗೂ ಎಲ್ಲ ಪಂಥದವರಿಗೂ ಉಪಯೋಗಕ್ಕೆ ಬರುವ ಭಾಗವೆಂದರೆ ಇದೇ ಎಂದು ನನ್ನ ಅಭಿಪ್ರಾಯ.

ಹೊಸಬರು ಎಡವುವುದು ಅರ್ಥ ಹೇಳುವ ಆತುರದಲ್ಲಿ. ‘ನಿಮ್ಮ ತಲೆನೋವು ತಂದೆಯ ಮೇಲಿನ ಸಿಟ್ಟು’ ಎಂದು ಎರಡನೇ ದಿನವೇ ಹೇಳಿದರೆ ಏನಾಗುತ್ತದೆ? ಮಾತು ನಿಜವೇ ಆಗಿರಬಹುದು, ನೋವು ಮಾತ್ರ ಹೋಗುವುದಿಲ್ಲ. 1910ರ ಒಂದು ಲೇಖನದಲ್ಲಿ ಫ್ರಾಯ್ಡ್ ಇದಕ್ಕೆ ಕಾರಣ ಕೊಟ್ಟಿದ್ದಾರೆ. ರೋಗಿ ನರಳುವುದು ತಿಳಿವಳಿಕೆಯ ಕೊರತೆಯಿಂದಲ್ಲ, ಆ ತಿಳಿವಳಿಕೆಯನ್ನು ಒಳಗೆ ಬಿಡದ ಪ್ರತಿರೋಧದಿಂದ. ಬರಗಾಲದಲ್ಲಿ ಹಸಿದವರಿಗೆ ಊಟದ ಪಟ್ಟಿ ಹಂಚಿದರೆ ಹೊಟ್ಟೆ ತುಂಬೀತೇ ಎಂಬುದು ಅವರದೇ ಹೋಲಿಕೆ. ಅರ್ಥ ಹೇಳುವ ಮೊದಲು ಎರಡು ಸಂಗತಿ ಕೂಡಿಬಂದಿರಬೇಕು: ರೋಗಿ ತಾನೇ ಆ ವಿಷಯದ ಹತ್ತಿರ ಬಂದಿರಬೇಕು, ಚಿಕಿತ್ಸಕನನ್ನು ಬಿಟ್ಟು ಓಡದಷ್ಟು ನಂಟು ಬೆಳೆದಿರಬೇಕು. ಹೇಳಿದ ಮೇಲೂ ಕೆಲಸ ಮುಗಿಯುವುದಿಲ್ಲ. ಹೆಸರಿಟ್ಟ ಮಾತ್ರಕ್ಕೆ ಪ್ರತಿರೋಧ ಕರಗದು. ರೋಗಿ ಅದರೊಡನೆ ಒದ್ದಾಡಲು ಕಾಲ ಕೊಡಬೇಕು ಎಂದು 1914ರಲ್ಲಿ ಅವರು ಮತ್ತೆ ಬರೆಯಬೇಕಾಯಿತು.

ಇನ್ನೊಂದು ಅಪಾಯ ವರ್ಗಾವಣೆಯದು. ಹಿಂದೆ ಯಾರ ಮೇಲೋ ಇದ್ದ ಪ್ರೀತಿ, ಭಯ, ಹಗೆ ಚಿಕಿತ್ಸಕನ ಮೇಲೆ ಹರಿಯುತ್ತದೆ. ‘ಡೋರಾ’ ಎಂಬ ಹೆಸರಿನಲ್ಲಿ ಪ್ರಸಿದ್ಧಳಾದ 18 ವರ್ಷದ ಹುಡುಗಿ 1900ರ ಅಕ್ಟೋಬರ್‌ನಲ್ಲಿ ಚಿಕಿತ್ಸೆಗೆ ಬಂದು ಡಿಸೆಂಬರ್ 31ರಂದು ಬಿಟ್ಟುಹೋದಳು. ವರ್ಗಾವಣೆಯನ್ನು ಸಕಾಲದಲ್ಲಿ ಗುರುತಿಸದೆ ಹೋದೆ ಎಂದು 1905ರಲ್ಲಿ ಪ್ರಕಟವಾದ ವರದಿಯಲ್ಲಿ ಫ್ರಾಯ್ಡ್ ಒಪ್ಪಿಕೊಂಡಿದ್ದಾರೆ. ಇಂದು ಆ ವರದಿ ಓದುವವರಿಗೆ ಇನ್ನೊಂದೂ ಕಾಣುತ್ತದೆ: ಹುಡುಗಿ ‘ಇಲ್ಲ’ ಎಂದಾಗಲೆಲ್ಲ ಅದನ್ನು ‘ಹೌದು’ ಎಂದು ಓದುವ ಅವಸರ. ನಮ್ಮ ತಲೆನೋವಿನ ವ್ಯಕ್ತಿ ಮೂರನೇ ವಾರದಿಂದ ತಡವಾಗಿ ಬರತೊಡಗಿದರೆ, ಬಾಲ್ಯದ ನೆನಪು ಕೆದಕುವುದನ್ನು ಬದಿಗಿಟ್ಟು ಇಲ್ಲಿ, ಈ ಕೋಣೆಯಲ್ಲಿ ನಡೆಯುತ್ತಿರುವುದನ್ನು ಮೊದಲು ಮಾತಿಗೆ ತರಬೇಕು.

ಮನಸ್ಸನ್ನು ಇಡ್ (ಹುಟ್ಟುಬಯಕೆಗಳು), ಅಹಂ (ವಾಸ್ತವ ನೋಡಿ ನಡೆಯುವ ಭಾಗ), ಪರಾಹಂ (ಒಳಗಿನ ನೀತಿಯ ದನಿ) ಎಂದು ಒಡೆದು ನೋಡುವ ವಿಭಜನೆ ಬಂದದ್ದು ತಡವಾಗಿ, 1923ರಲ್ಲಿ. 1926ರಲ್ಲಿ ಆತಂಕದ ಸಿದ್ಧಾಂತವೇ ತಿರುವುಮುರುವಾಯಿತು. ದಮನದಿಂದ, ಅಂದರೆ ಬೇಡದ ಆಸೆ, ನೆನಪುಗಳನ್ನು ಅರಿವಿನಾಚೆ ಒತ್ತಿಡುವುದರಿಂದ, ಆತಂಕ ಹುಟ್ಟುತ್ತದೆ ಎನ್ನುತ್ತಿದ್ದವರು ಆತಂಕವೇ ದಮನವನ್ನು ಹುಟ್ಟಿಸುತ್ತದೆ ಎಂದರು. ಚಿಕಿತ್ಸೆಯಲ್ಲಿ ಇದರಿಂದಾದ ವ್ಯತ್ಯಾಸ ದೊಡ್ಡದು. ಆಳದಲ್ಲಿ ಏನಿದೆ ಎಂದು ಹುಡುಕುವ ಮೊದಲು, ತಲೆನೋವಿಗೆ ತುಸು ಮುಂಚೆ ಮಾತು ಎಲ್ಲಿ ತಡವರಿಸಿತು, ಯಾವ ಭಾವನೆ ಸುಳಿದು ಮಾಯವಾಯಿತು ಎಂದು ನೋಡುವ ರೂಢಿ ಬೆಳೆಯಿತು.

1902ರಿಂದ ಫ್ರಾಯ್ಡ್‌ರ ಬುಧವಾರದ ಚರ್ಚಾಗುಂಪಿನಲ್ಲಿದ್ದ ಆಲ್ಫ್ರೆಡ್ ಆಡ್ಲರ್ 1911ರಲ್ಲಿ ಬೇರೆಯಾದರು. ಅವರಲ್ಲಿ ಸೋಫಾ ಇಲ್ಲ, ಎದುರುಬದುರು ಕುರ್ಚಿ. ಅವರ ಪ್ರಶ್ನೆ ಸರಳ: ‘ಈ ತಲೆನೋವು ಇಲ್ಲದಿದ್ದರೆ ನೀವು ಏನು ಮಾಡುತ್ತಿದ್ದಿರಿ?’ ‘ವೇದಿಕೆ ಹತ್ತುತ್ತಿದ್ದೆ’ ಎಂದು ಉತ್ತರ ಬಂದರೆ, ನೋವು ಯಾವುದರಿಂದ ರಕ್ಷಿಸುತ್ತಿದೆ ಎಂಬುದು ಅಲ್ಲೇ ಇದೆ. ಸೋತೆ ಎನಿಸಿಕೊಳ್ಳುವುದಕ್ಕಿಂತ ಕಾಯಿಲೆಯವನು ಎನಿಸಿಕೊಳ್ಳುವುದು ಸಹ್ಯ. ‘ನೋವಿಲ್ಲದಿದ್ದರೆ ನಿದ್ದೆ ಮಾಡುತ್ತಿದ್ದೆ’ ಎಂದಷ್ಟೇ ಬಂದರೆ ದೇಹದ ಕಾರಣವನ್ನು ಇನ್ನೊಮ್ಮೆ ಪರೀಕ್ಷಿಸಲು ಕಳಿಸುವುದು ಆಡ್ಲರ್ ಪಂಥದವರ ಪದ್ಧತಿ.

ಅವರ ಇನ್ನೊಂದು ಸಾಧನ ಬಾಲ್ಯದ ಮೊದಲ ನೆನಪು. ‘ರಜೆಗೆಲ್ಲ ಅಜ್ಜಿಮನೆಗೆ ಹೋಗುತ್ತಿದ್ದೆವು’ ಎಂಬುದು ನೆನಪಲ್ಲ, ವರದಿ. ಒಂದು ದಿನ, ಒಂದು ಘಟನೆ ಬೇಕು. ಯಾರಿದ್ದರು, ನೀವು ನೋಡುತ್ತಿದ್ದಿರೋ ಏನಾದರೂ ಮಾಡುತ್ತಿದ್ದಿರೋ, ಆಗ ಏನನ್ನಿಸಿತು? ಘಟನೆ ನಡೆದದ್ದು ನಿಜವೇ ಎಂಬುದು ಮುಖ್ಯವಲ್ಲ. ಸಾವಿರಾರು ಘಟನೆಗಳಲ್ಲಿ ಮನಸ್ಸು ಇದನ್ನೇ ಯಾಕೆ ಕಾಪಿಟ್ಟುಕೊಂಡಿತು ಎಂಬುದು ಮುಖ್ಯ. ಇಲ್ಲಿ ಕೆಡುವುದು ಧಾಟಿಯಿಂದ. ರೋಗಲಕ್ಷಣದ ಉದ್ದೇಶವನ್ನು ಆರೋಪದಂತೆ ಹೇಳಿದರೆ ‘ನಾನು ನಾಟಕವಾಡುತ್ತಿದ್ದೇನೆಯೇ’ ಎಂದು ರೋಗಿ ನೊಂದು ಎದ್ದುಹೋಗುತ್ತಾನೆ. ಆಡ್ಲರ್ ಧೈರ್ಯ ತುಂಬುವುದಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ. ಜನನ ಕ್ರಮದ ವಿಷಯವನ್ನು ಜನ ಜಾತಕದಂತೆ ಬಳಸುವುದೂ ತಪ್ಪು. ಎಷ್ಟನೆಯವನು ಎಂಬ ಸಂಖ್ಯೆಗಿಂತ ಆ ಸ್ಥಾನವನ್ನು ಮಗು ಹೇಗೆ ಅರ್ಥಮಾಡಿಕೊಂಡಿತು ಎಂಬುದೇ ಅವರಿಗೆ ಬೇಕಾಗಿತ್ತು.

ಕಾರ್ಲ್ ಯೂಂಗ್ ಬಂದದ್ದು ಜ್ಯೂರಿಕ್‌ನ ಬುರ್ಗ್‌ಹ್ಯೋಲ್ಟ್ಸ್‌ಲಿ ಮನೋರೋಗ ಆಸ್ಪತ್ರೆಯಿಂದ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು. 100 ಪದ ಒಂದೊಂದಾಗಿ ಹೇಳುವುದು, ತಕ್ಷಣ ಹೊಳೆದ ಪದವನ್ನು ರೋಗಿ ಹೇಳುವುದು, ಪಟ್ಟಿಯನ್ನು ಎರಡನೇ ಸಲ ಓದಿ ಅದೇ ಉತ್ತರ ಕೇಳುವುದು. ಎಲ್ಲಿ ತಡವಾಯಿತು, ಎಲ್ಲಿ ಮೊದಲ ಉತ್ತರ ಮರೆತುಹೋಯಿತು, ಎಲ್ಲಿ ನಗು ಬಂತು, ಅಲ್ಲಿ ಭಾವನೆ ತುಂಬಿದ ಗಂಟೊಂದಿದೆ. ಫ್ರಾಯ್ಡ್‌ರನ್ನು 1907ರಲ್ಲಿ ಕಂಡರು, 1913ರ ಹೊತ್ತಿಗೆ ನಂಟು ಹರಿದಿತ್ತು. ಕನಸನ್ನು ಓದುವ ಬಗೆಯೂ ಬೇರೆ. ಮುಕ್ತ ಸಾಹಚರ್ಯ ಕನಸಿನಿಂದ ದೂರ ಒಯ್ಯುತ್ತದೆ ಎಂದು, ಕನಸಿನಲ್ಲಿ ಬಾವಿ ಕಂಡಿದ್ದರೆ ಆ ಬಾವಿಗೇ ಮತ್ತೆ ಮತ್ತೆ ಮರಳಿ ಅದರ ಸುತ್ತ ಪುರಾಣ, ಕಥೆ, ಆಚರಣೆಗಳನ್ನು ಕೂಡಿಸುತ್ತಿದ್ದರು. ಇದರ ಅಪಾಯ ಅದರ ಸೊಗಸಿನಲ್ಲೇ ಇದೆ: ರೋಗಿ ಪುರಾಣದ ರುಚಿ ಹತ್ತಿ ನಾಳೆ ಮಾಡಬೇಕಾದ ಭಾಷಣವನ್ನು ಮರೆಯಬಹುದು. ವಾಸ್ತವದ ಹಿಡಿತ ಸಡಿಲವಿರುವವರಿಗಂತೂ ಎಚ್ಚರದಲ್ಲೇ ಕಲ್ಪನೆಯ ಆಕೃತಿಗಳೊಡನೆ ಮಾತಿಗಿಳಿಯುವ ಅವರ ತಂತ್ರ ಸಲ್ಲದು. ಚಿಕಿತ್ಸಕ ತಾನೂ ವಿಶ್ಲೇಷಣೆಗೆ ಒಳಗಾಗಿರಬೇಕು ಎಂಬ ಬೇಡಿಕೆಯನ್ನು ಮುಂದಿಟ್ಟ ಶ್ರೇಯವನ್ನು ಫ್ರಾಯ್ಡ್ 1912ರಲ್ಲಿ ಈ ಜ್ಯೂರಿಕ್ ಬಳಗಕ್ಕೇ ಕೊಟ್ಟರು.

ಚಿಕಿತ್ಸೆಯನ್ನು ಯಾವಾಗ ನಿಲ್ಲಿಸಬೇಕು? 1910ರಲ್ಲಿ ಬಂದ, ‘ತೋಳ ಮನುಷ್ಯ’ ಎಂಬ ಹೆಸರಿನಲ್ಲಿ ಪ್ರಸಿದ್ಧನಾದ ರೋಗಿಯ ಚಿಕಿತ್ಸೆ ಕುಂಟುತ್ತಿದ್ದಾಗ ಫ್ರಾಯ್ಡ್ ಕೊನೆಯ ದಿನಾಂಕ ಗೊತ್ತುಮಾಡಿದರು, 1914ರಲ್ಲಿ ಮುಗಿಸಿದರು. ಆ ಒತ್ತಡದಲ್ಲಿ ಬಹಳಷ್ಟು ಹೊರಬಂತು, ಆದರೆ ರೋಗಿ ಪೂರ್ತಿ ಗುಣವಾಗಲಿಲ್ಲ, ಮತ್ತೆ ಚಿಕಿತ್ಸೆ ಬೇಕಾಯಿತು. 1937ರಲ್ಲಿ ಅದನ್ನು ತಿರುಗಿ ನೋಡಿ, ಗಡುವು ಸರಿಯಾದ ಹೊತ್ತಿಗೆ ಬಿದ್ದರೆ ಮಾತ್ರ ಫಲ, ಒಮ್ಮೆ ಹಾಕಿದರೆ ಮುಂದೂಡುವಂತಿಲ್ಲ ಎಂದರು. ದಿನಾಂಕ ಗೊತ್ತಾದ ವಾರ ತಲೆನೋವು ಮರಳಿ ಬರುವುದುಂಟು. ಅದನ್ನು ಕಂಡು ಗಾಬರಿಯಾಗಿ ದಿನಾಂಕ ಸರಿಸಬಾರದು. ಉಳಿದ ಗಂಟೆಗಳಲ್ಲಿ ಅಗಲಿಕೆಯ ಮಾತೇ ನಡೆಯಬೇಕು.